ಗಾಳಿ ಬೀಸಿದರೆ ರಜೆ

ಒಲೆಯಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಜೊತೆಯ ಕೆಲಸಗಾರರು ಅಂಟಿಸಿದ್ದು. ಕಲ್ಲಿದ್ದಲು ಸುಟ್ಟು ಕರೆಂಟು ಮಾಡುವ ಹಳೇ ಸ್ಥಾವರದಲ್ಲಿ, ಬಾಯ್ಲರ್ ಎದುರು ಮೂವತ್ತೊಂದು ವರ್ಷ ಬೆಂದವನನ್ನು ಇನ್ನೇನೆಂದು ಕರೆಯುತ್ತಾರೆ? ಗುಡ್ಡದ ಮೇಲೆ ಗಾಳಿಯಂತ್ರಗಳು ಬಂದಾಗ ಸ್ಥಾವರದ ಕತೆ ಮುಗಿಯಿತೆಂದು ಎರಡು ಸಲ ಬೀಳ್ಕೊಡುಗೆ ಭಾಷಣವೂ ಆಯಿತು. ಆಮೇಲೆ ಒಂದು ಸಂಜೆ ಸೂರ್ಯ ಮುಳುಗಿ, ಗಾಳಿಯೂ ಬಿದ್ದು, ಊರಿಗೆ ಊರೇ ಕತ್ತಲಾದ ಮೇಲೆ ದೊಡ್ಡವರಿಗೆ ಜ್ಞಾನೋದಯವಾಯಿತು. ಗಾಳಿಯದೇನೂ ತಪ್ಪಿಲ್ಲ ಬಿಡಿ. ದಿನಾ ಬರುತ್ತೇನೆಂದು ಅದು ಯಾರಿಗೂ ಮಾತು ಕೊಟ್ಟಿರಲಿಲ್ಲ. ಅಂದಿನಿಂದ ಎರಡೂ ಬಾಯ್ಲರುಗಳನ್ನು ಸಣ್ಣ ಉರಿಯಲ್ಲಿ ಬೆಚ್ಚಗಿಟ್ಟು, ಗಾಳಿ ಕೈಕೊಟ್ಟಾಗ ಎಬ್ಬಿಸುವುದೆಂದು ತೀರ್ಮಾನವಾಯಿತು.

ಎಬ್ಬಿಸುವುದೇನು ಹುಡುಗಾಟವೇ? ಕೊಳವೆಯಲ್ಲಿ ಒಂದಿಷ್ಟು ನೀರು ಉಳಿದಿರುವಾಗ ಹಬೆ ಬಿಟ್ಟರೆ, ಅದರಿಂದ ತಿರುಗಿ ಕರೆಂಟು ಮಾಡುವ ಯಂತ್ರ ಚಿಂದಿಯಾಗುತ್ತದೆ. ಮೀಟರುಗಳೋ, ಮುದಿಯಾಗಿ ಬಾಯಿಗೆ ಬಂದದ್ದು ಹೇಳುತ್ತಿದ್ದವು. ಒಲೆಯಪ್ಪ ಕಬ್ಬಿಣದ ಸರಳಿನ ಒಂದು ತುದಿಯನ್ನು ಕೊಳವೆಗೂ ಇನ್ನೊಂದನ್ನು ಕಿವಿಗೂ ಒತ್ತಿ ಕೇಳುತ್ತಿದ್ದ. "ಇದೆ" ಎಂದರೆ ನೀರಿದೆ, "ಹೋಯ್ತು" ಎಂದರೆ ಹಬೆ ಬಿಡಬಹುದು. ಪ್ರಾಯದಲ್ಲಿ ಯಾರಾದರೂ ಕಲಿಸಿಕೊಡು ಎಂದು ಬಂದರೆ, "ಇದು ಹುಟ್ಟಿನಿಂದ್ಲೇ ಬರ್ಬೇಕು ಕಣಯ್ಯ" ಎಂದು ಮೀಸೆ ತಿರುವಿ ಕಳಿಸಿದ್ದ. ಆ ಜಂಬ ಈಗ ಅವನ ಕಾಲನ್ನೇ ಕಟ್ಟಿಹಾಕಿತ್ತು. ಸ್ಥಾವರ ಬಿಟ್ಟು ಅರ್ಧ ಗಂಟೆಗಿಂತ ದೂರ ಹೋಗುವಂತಿಲ್ಲ. ರಜೆ ಬೇಕೆಂದರೆ, ಮೂರು ದಿನ ಗಾಳಿ ಬೀಸುತ್ತದೆಂದು ಹವಾಮಾನದವರು ಹೇಳಬೇಕು.

ಅತ್ತ, ಏಳು ಗಂಟೆಯ ಬಸ್ಸಿನ ದಾರಿಯಾಚೆ, ಇದೇ ಸ್ಥಾವರದ ಕರೆಂಟು ಹೋಗುವ ಊರಿನಲ್ಲಿ, ಅವನನ್ನು ಎತ್ತಿ ಆಡಿಸಿ ಸಾಕಿದ ಅಕ್ಕನ ಕಣ್ಣು ಮಂಜಾಗುತ್ತಿತ್ತು.

"ಪುಟ್ಟಾ, ಜೋರು ಬೆಳಕಿದ್ರೆ ಇನ್ನೂ ಒಂಚೂರು ಕಾಣ್ಸುತ್ತೆ. ಈ ತಿಂಗಳು ಕಳೆದ್ರೆ ಅದೂ ಇಲ್ಲ ಅಂದಿದಾರೆ ಡಾಕ್ಟ್ರು. ಬಂದು ಮುಖ ತೋರ್ಸಿ ಹೋಗೋ," ಎಂದಳು ಫೋನಿನಲ್ಲಿ.

"ಗಾಳಿ ಬರ್ಲಿ, ಬರ್ತೀನಿ."

"ನಿನ್ ಮುಖಕ್ಕೂ ಗಾಳಿಗೂ ಏನೋ ಸಂಬಂಧ?"

ಐವತ್ತೇಳು ವರ್ಷದ ಪುಟ್ಟ ಫೋನಿಟ್ಟು ಹವಾಮಾನದ ವರದಿ ನೋಡಲು ಹೋದ.

ಮೂರು ಸಲ ಮಂಜೂರಾದ ರಜೆ ಮೂರು ಸಲವೂ ರದ್ದಾಯಿತು. ನಾಲ್ಕನೆಯ ಸಲ, ತಿಂಗಳ ಕೊನೆಯ ವಾರ, ಗಾಳಿ ಹುಚ್ಚೆದ್ದು ಬೀಸಿತು. ಒಲೆಯಪ್ಪ ಬಸ್ಸು ಹತ್ತಿದ. ನಡುದಾರಿಯಲ್ಲಿ ಕಿಟಕಿಯಿಂದ ನೋಡುತ್ತಾನೆ, ಗುಡ್ಡದ ಸಾಲಿನ ಯಂತ್ರಗಳು ಒಂದೊಂದಾಗಿ ನಿಧಾನವಾಗುತ್ತಿವೆ. ಇಳಿದು ಎದುರಿನ ಬಸ್ಸು ಹಿಡಿಯಬಹುದಿತ್ತು. ಅವನು ಮುಖ ತಿರುಗಿಸಿ ಇನ್ನೊಂದು ಕಡೆ ನೋಡಿದ. ಮೂವತ್ತೊಂದು ವರ್ಷದಲ್ಲಿ ಅವನು ಮಾಡಿದ ಮೊದಲ ಕಳ್ಳತನ ಅದು.

ಅಕ್ಕನ ಮನೆ ಮುಟ್ಟುವಾಗ ಮುಸ್ಸಂಜೆ. ಅಕ್ಕ ಇದ್ದಬದ್ದ ಬಲ್ಬುಗಳಲ್ಲೆಲ್ಲ ದೊಡ್ಡದನ್ನು ಹಾಕಿಸಿ, ಅದರ ಕೆಳಗೇ ಕುರ್ಚಿ ಇಟ್ಟು ಕಾಯುತ್ತಿದ್ದಳು. ಅವನನ್ನು ತಡವಿ ಕೂರಿಸಿ ಸ್ವಿಚ್ಚು ಒತ್ತಿದಳು. ಬಲ್ಬು ಎರಡು ಸಲ ಮಿಣುಕಿ ಸತ್ತಿತು. ಬೀದಿಯೂ ಕತ್ತಲಾಯಿತು. ಅವನ ಜೇಬಿನಲ್ಲಿ ಫೋನು ಬಡಿದುಕೊಳ್ಳತೊಡಗಿತು.

"ಎಲ್ಲಿದೀರಿ?" ಸ್ಥಾವರದಿಂದ ಪಾಳಿಯ ಎಂಜಿನಿಯರು ಅರಚಿದರು. "ಆಸ್ಪತ್ರೇಲಿ ಜನರೇಟರ್ ಇನ್ನೊಂದು ಗಂಟೆ ಅಷ್ಟೇ ಓಡೋದು!"

"ಸರಳು ತಗೊಂಡು ಕೊಳವೆಗೆ ಇಡಿ. ಇನ್ನೊಂದು ತುದಿಗೆ ಫೋನ್ ಒತ್ತಿ ಹಿಡೀರಿ," ಎಂದ ಒಲೆಯಪ್ಪ.

ಅಷ್ಟು ದೂರದ ಸದ್ದು ಸೊಳ್ಳೆಯಷ್ಟೇ ಸಣ್ಣಗೆ ಬರುತ್ತಿತ್ತು. ಅವನು ಕಣ್ಣು ಬಿಗಿಯಾಗಿ ಮುಚ್ಚಿ, ಉಸಿರು ಹಿಡಿದು ಕೇಳಿದ. ಇದೆ. ಇನ್ನೂ ಇದೆ. ಅಕ್ಕ ಎದುರು ಕೂತಿದ್ದಳು. ಮುಕ್ಕಾಲು ಗಂಟೆಯ ಮೇಲೆ, "ಹೋಯ್ತು, ಬಿಡಿ" ಎಂದ. ಸ್ವಲ್ಪ ಹೊತ್ತಿಗೆ ಬೀದಿಯಲ್ಲಿ ಮಕ್ಕಳು ಹೋ ಎಂದು ಕೂಗಿದರು. ಕರೆಂಟು ಬಂದಿತ್ತು.

"ಎರಡನೇದು ಬೇಗ ಆಗ್ಲಿ," ಎಂದರು ಎಂಜಿನಿಯರು. "ಇಡೀ ಹೊರೆ ಇದೊಂದರ ಮೇಲೇ ಬಿದ್ದಿದೆ, ಜಾಸ್ತಿ ಹೊತ್ತು ತಡ್ಕೊಳಲ್ಲ."

ಸರಳು ಎರಡನೇ ಬಾಯ್ಲರಿನ ಕೊಳವೆಗೆ ಹೋಗಿತ್ತು; ಸದ್ದು ತಪ್ಪೀತೆಂದು ಒಲೆಯಪ್ಪ ಕಣ್ಣು ತೆರೆಯಲಿಲ್ಲ. ಅಕ್ಕ ಕುರ್ಚಿ ಎಳೆದುಕೊಂಡು ಹತ್ತಿರ ಬಂದು ಅವನ ಗಲ್ಲ ಹಿಡಿದು ಬೆಳಕಿಗೆ ಎತ್ತಿದಳು.

"ಕೂದ್ಲೆಲ್ಲ ಬೆಳ್ಳಗಾಗಿದೆಯಲ್ಲೋ! ಕಣ್ಣು ಬಿಡು ಪುಟ್ಟ, ನೋಡ್ತೀನಿ."

"ತಡಿ ಅಕ್ಕ."

"ಎಷ್ಟೂಂತ ತಡೀಲೋ?"

ಅವನು ಕಣ್ಣು ಬಿಟ್ಟ. ಗೇಣು ದೂರದಲ್ಲಿ ಅಕ್ಕನ ಬಿಳಿಯಾದ ಕಣ್ಣುಗಳು ಅವನ ಮುಖದ ಮೇಲೆಲ್ಲ ಓಡಾಡುತ್ತಿದ್ದವು. ಅವನೂ ನೋಡಿದ. ನೋಡುತ್ತ ಸದ್ದು ಕಿವಿ ತಪ್ಪಿ ಹೋಯಿತು.

"ಇದೆಯೋ, ಹೋಯ್ತೋ? ಸಾರ್! ಹೇಳಿ ಸಾರ್!" ಫೋನು ಕಿರುಚುತ್ತಿತ್ತು. ಅವನಿಗೆ ಗೊತ್ತಿರಲಿಲ್ಲ. ಹೇಳಲಾರದೆ ತಡವರಿಸುತ್ತಿದ್ದಾಗಲೇ, ಹೊರೆ ತಾಳದೆ ಮೊದಲನೆಯದೂ ನಿಂತು, ಬಲ್ಬು ಆರಿತು. ಬೀದಿಯ ಕೂಗು ನಿಂತಿತು.

"ನೋಡಾಯ್ತು ಬಿಡು," ಎಂದಳು ಅಕ್ಕ ಕತ್ತಲಲ್ಲಿ. "ಎಷ್ಟು ಸುಸ್ತಾಗಿದೀಯೋ ನೀನು."

ಒಲೆಯಪ್ಪ ಮತ್ತೆ ಕಣ್ಣು ಮುಚ್ಚಿ ಫೋನನ್ನು ಕಿವಿಗೆ ಒತ್ತಿದ.

"ಮೊದ್ಲಿಂದ ಶುರು ಮಾಡಿ," ಎಂದ.