ಪೆಟ್ರೋಲ್ ಹೆಚ್ಚಾಗಿ ನಿಂತ ಕಾರು

ಕಿರಿಮಂಜೇಶ್ವರದ ಹತ್ತಿರ ಹೆದ್ದಾರಿಯಲ್ಲಿ ನಮ್ಮ ಕಾರು ಕಪ್ಪು ಹೊಗೆ ಉಗುಳಿ ನಿಂತೇಬಿಟ್ಟಿತು. ಹಿಂದಿನ ಸೀಟಿನಲ್ಲಿ ಅಮ್ಮ ಎದೆ ಹಿಡಿದುಕೊಂಡು ಏದುಸಿರು ಬಿಡುತ್ತಿದ್ದರು. ಕುಂದಾಪುರದ ಆಸ್ಪತ್ರೆ ಇನ್ನೂ ದೂರ. ಫೋನ್ ಮಾಡಿದರೆ ಆಂಬುಲೆನ್ಸ್ ಬರಲು ಅರ್ಧ ಗಂಟೆ ಬೇಕೆಂದರು. ಗಾಬರಿಯಲ್ಲಿ ನಾನು ಮತ್ತೆ ಮತ್ತೆ ಕೀ ತಿರುಗಿಸಿದೆ. ಪೆಟ್ರೋಲ್ ವಾಸನೆ ಮೂಗಿಗೆ ಅಡರಿತು.

ಮೀನಿನ ಚೀಲ ಹಿಡಿದು ಹೋಗುತ್ತಿದ್ದ ಹಿರಿಯರೊಬ್ಬರು ಓಡಿ ಬಂದರು.

"ಹ್ವಾಯ್, ಕೀ ತಿರ್ಗ್ಸ್‌ಬೇಡಿ! ಪೆಟ್ರೋಲ್ ಸಾಲ್ದೆ ನಿಂತದ್ದಲ್ಲ, ಜಾಸ್ತಿ ಆಯಿ ನಿಂತದ್ದ್."

ಮುಂಬೈಯ ಗ್ಯಾರೇಜಿನಲ್ಲಿ ಮೂವತ್ತು ವರ್ಷ ದುಡಿದವರಂತೆ. ಬಾನೆಟ್ ಎತ್ತಿ ತಡಕಾಡಿ, ಇಂಜಿನ್ನಿನ ಬಿಸಿ ಅಳೆಯುವ ಸೆನ್ಸರಿನ ವಯರು ಕಳಚಿದ್ದನ್ನು ಪತ್ತೆ ಹಚ್ಚಿದರು. ಇಂಜಿನ್ ಇನ್ನೂ ತಣ್ಣಗಿದೆಯೆಂದುಕೊಂಡು ಕಾರು ಪೆಟ್ರೋಲ್ ಸುರಿಯುತ್ತಲೇ ಇತ್ತಂತೆ; ನಾನು ಕೀ ತಿರುಗಿಸಿದಷ್ಟೂ ಇನ್ನಷ್ಟು ಸುರಿಯುತ್ತಿತ್ತಂತೆ. ವಯರನ್ನು ಒತ್ತಿ ಕೂರಿಸಿ, "ಈಗ ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡ್ಕಂಡ್ ಸ್ಟಾರ್ಟ್ ಮಾಡಿ" ಎಂದರು. ಹಾಗೆ ಒತ್ತಿದರೆ ಪೆಟ್ರೋಲ್ ನಿಂತು ಗಾಳಿ ಮಾತ್ರ ಒಳಗೆ ಹೋಗುತ್ತದಂತೆ.

ಕಾರು ಎರಡು ಸಲ ಕೆಮ್ಮಿ ಸ್ಟಾರ್ಟ್ ಆಯಿತು. ಅವರು ಮನೆಯ ಕಡೆ ತಿರುಗಲಿಲ್ಲ. ಹಿಂದೆ ಹತ್ತಿ, ಆಸ್ಪತ್ರೆಯ ಬಾಗಿಲಿನವರೆಗೂ ಅಮ್ಮನನ್ನು ಒರಗಿಸಿಕೊಂಡು ಕುಳಿತರು.

ಐದನೇ ದಿನ ಅಮ್ಮ ಮನೆಗೆ ಬಂದರು. ಅವರನ್ನು ಉಳಿಸಲೆಂದು ಅಷ್ಟು ಹೊತ್ತು ನಾನು ಮಾಡುತ್ತಿದ್ದುದೇ ಅವರ ದಾರಿಗೆ ಅಡ್ಡವಾಗಿತ್ತಲ್ಲ ಎಂದು ಕೀ ತಿರುಗಿಸುವಾಗಲೆಲ್ಲ ಈಗಲೂ ನೆನಪಾಗುತ್ತದೆ.