ಖಾಲಿಯಲ್ಲದ ಕೋಶಗಳು

ದಿನಾಂಕಗಳನ್ನು ನಂಬುವ ಗುಣ ನನಗೆ ಹುಟ್ಟಿನಿಂದಲೇ ಬಂದಿಲ್ಲ. ಶಾಲೆಯ ದಾಖಲೆಯಲ್ಲಿರುವ ನನ್ನ ಜನ್ಮದಿನವನ್ನೇ ಹಳೆಯ ಪಂಚಾಂಗಕ್ಕೆ ಹೋಲಿಸಿ ನೋಡಿದ್ದೇನೆ. ಅಂದು ಅಮಾವಾಸ್ಯೆ. ನಾನು ಹುಟ್ಟಿದ ರಾತ್ರಿ ಅಂಗಳದ ತುಂಬ ಬೆಳದಿಂಗಳಿತ್ತೆಂದು ತಾಯಿ ಹೇಳುತ್ತಿದ್ದಳು. ಹೀಗಾಗಿ ನನ್ನ ಜನನವು ಇಂದಿಗೂ ಪರಿಶೀಲನೆಯಲ್ಲಿದೆ.

ಇಂಥವನಿಗೆ, ಶಾಸನಶಾಸ್ತ್ರ ಕಲಿಸುವ ಕೆಲಸದಿಂದ ನಿವೃತ್ತನಾದ ಮೇಲೆ, ಒಂದು ಕೋಷ್ಟಕ ದೊರೆತರೆ ಸ್ವರ್ಗಕ್ಕೇನು ಕಡಿಮೆ? ಬಾದಾಮಿ, ಹುನಗುಂದ ಸೀಮೆಯ ಶಾಸನಗಳ ಸೂಚಿಯೊಂದನ್ನು ನಾನು ಸಿದ್ಧಪಡಿಸುತ್ತಿದ್ದೇನೆ. ಇದಕ್ಕೆಂದೇ ನಮ್ಮೂರಿನ ಕಾಲೇಜೊಂದರಲ್ಲಿ ಗಣಕವಿಜ್ಞಾನ ಕಲಿಸುವ, ಹುನಗುಂದದ ರಾಜೇಶ್ವರಿ ಒಂದು ತಂತ್ರಾಂಶವನ್ನು ಬರೆದುಕೊಟ್ಟರು. ಸಾಲಿಗೊಂದು ಶಾಸನ, ಶಕವರ್ಷ, ಸಂವತ್ಸರ, ತಿಥಿ, ವಾರಗಳಿಗೆ ಒಂದೊಂದು ಕೋಶ, ಕೊನೆಗೆ ‘ಪರಿಶೀಲಿಸಿದೆ’ ಎಂಬ ಹೆಸರಿನ ಕೋಶ, ಅದರೊಳಗೆ ಪುಟ್ಟದೊಂದು ಚೌಕ. ಕಾಲ ಸರಿಯೆಂದು ಕಂಡರೆ ಚೌಕದಲ್ಲಿ ಗುರುತು. ಬಾದಾಮಿಯ ಸಾಲುಗಳಿಗೆಲ್ಲ ನಾನು ಗುರುತು ಹಾಕಿ ಮುಗಿಸಿದ್ದೆ.

ಎರಡನೆಯ ಪರಿಶೀಲನೆ ನೀಲಮ್ಮನವರದು. ಇಳಕಲ್ಲಿನ ನೇಕಾರರ ಮನೆಯ ಮಗಳು; ಹುಟ್ಟಿನಿಂದ ಕಣ್ಣಿಲ್ಲ. ಟೆಲಿಫೋನ್ ಕಚೇರಿಯಲ್ಲಿ ಆಪರೇಟರಾಗಿದ್ದು ನಿವೃತ್ತರಾಗಿ, ಈಗ ನಮ್ಮ ವಿದ್ಯಾಗಿರಿ ಬಡಾವಣೆಯಲ್ಲೇ ಹಿಂದಿನ ಓಣಿಯಲ್ಲಿದ್ದಾರೆ. ಅರವತ್ತು ಸಂವತ್ಸರಗಳನ್ನು ಹಿಂದುಮುಂದಾಗಿಯೂ ಹೇಳಬಲ್ಲರು. ಪರದೆಯಲ್ಲಿರುವುದನ್ನು ಓದಿ ಹೇಳುವ ತಂತ್ರಾಂಶವನ್ನು ನಮ್ಮ ಮನೆಯ ಗಣಕದಲ್ಲಿ ಕೇಳುತ್ತ ಅವರು ಸಾಲುಗಳನ್ನು ತೂಗಬೇಕು. ಒಪ್ಪಿದರೆ ನನ್ನ ಗುರುತನ್ನು ಹಾಗೇ ಬಿಡಬೇಕು, ಒಪ್ಪದಿದ್ದರೆ ತೆಗೆಯಬೇಕು.

ಒಂದು ವಾರದ ನಂತರ ಕೋಷ್ಟಕ ತೆರೆದು ನೋಡುತ್ತೇನೆ: ನನ್ನ ಗುರುತುಗಳೆಲ್ಲ ಮಾಯ! ಮೂರು ಸಾಲುಗಳಲ್ಲಿ ಮಾತ್ರ ಉಳಿದಿವೆ. ಆ ಮೂರನ್ನು ಕಂಡು, ‘ಸದ್ಯ, ಇವಾದರೂ ಸರಿಯಿವೆಯಲ್ಲ’ ಎಂದು ಸಮಾಧಾನಪಟ್ಟುಕೊಂಡ ನನ್ನ ಮುಗ್ಧತೆಯನ್ನು ಓದುಗರು ಮನ್ನಿಸಬೇಕು.

ಸೂಚಿಯ ಪ್ರಕಟಣ ಸಮಿತಿಯ ಹಿರಿಯರೊಬ್ಬರಿಗೆ ಇದನ್ನು ಹೇಳಿದೆ. ಅವರು ಸೌಮ್ಯವಾಗಿಯೇ, “ಕಣ್ಣಿದ್ದವರಿಗೆ ಕೊಟ್ಟುಬಿಡ್ರಿ, ಯಾಕ ತ್ರಾಸು?” ಎಂದರು. ಸೌಮ್ಯವಾಗಿ ಆಡಿದ ಮಾತುಗಳೇ ಒಬ್ಬರ ಬದುಕಿನಿಂದ ಕೆಲಸವನ್ನು ಸದ್ದಿಲ್ಲದೆ ಒಯ್ದುಬಿಡುತ್ತವೆ. ಗುರುತುಗಳು ಹೋದದ್ದನ್ನು ನೀಲಮ್ಮನವರಿಗೂ ಹೇಳಿದೆ. ಅವರು, “ಕೊನೀ ಕೋಶ ಖಾಲಿ ಅಂತ ಆ ಧ್ವನಿನೇ ಹೇಳ್ತುರಿ ಸರ. ನೀವು ಗುರ್ತು ಹಾಕೂದು ಮರ್ತೀರಿ ಅಂತ ನಾನೇ ಹಾಕ್ಕೋತ ಹೋದೆ. ನನ್ನ ಕೈಲೆ ಕೆಟ್ಟಿದ್ದರ ನಾಳಿಂದ ಬರಂಗಿಲ್ಲ ಬಿಡ್ರಿ” ಎಂದರು.

ನಾನು ರಾಜೇಶ್ವರಿಯನ್ನು ಕರೆಸಿದೆ. ಆಕೆ ಪರದೆಯನ್ನು ಆರಿಸಿ, “ಈಗ ನೀವು ಓದ್ರಿ ಸರ” ಎಂದರು.

ಬಾಣದ ಕೀಲಿಯನ್ನೊತ್ತಿ ಕುಳಿತೆ. ಕತ್ತಲೆಯೊಳಗಿಂದ ಧ್ವನಿ ಬಂತು: ಬಾದಾಮಿ… ಹುಣ್ಣಿಮೆ… ಸೋಮವಾರ. ಎಷ್ಟೋ ಶತಮಾನಗಳ ಹಿಂದಿನ ಆ ಸೋಮವಾರ ನನ್ನ ಮುಂದೆ ತೇಲಿತು. ಕೆಂಪು ಬಂಡೆಯ ನೆರಳು ಕೆರೆಯ ಮೇಲೆ ಉದ್ದವಾಗುತ್ತಿರಬೇಕು. ಹೊಸದಾಗಿ ಕೊರೆದ ಅಕ್ಷರಗಳನ್ನು ಬಲ್ಲವನೊಬ್ಬ ಗಟ್ಟಿಯಾಗಿ ಓದುತ್ತಿದ್ದಾನೆ, ಓದುಬಾರದ ಊರು ನಿಂತು ಕೇಳುತ್ತಿದೆ. ಶಾಸನವನ್ನು ಕಣ್ಣಿಗಿಂತ ಮೊದಲು ಕಿವಿಯೇ ಓದಿರಬೇಕೆಂದು ನನಗೆ ಮೊದಲ ಬಾರಿಗೆ ಅನ್ನಿಸಿತು. ಇದಕ್ಕೆ ಆಧಾರವಿಲ್ಲ, ಅಡಿಟಿಪ್ಪಣಿ ಕೇಳಬೇಡಿ. ಅಷ್ಟರಲ್ಲಿ ಕೊನೆಯ ಕೋಶ ಬಂತು. ಧ್ವನಿ ಹೇಳಿತು: “ಖಾಲಿ.” ಮುಂದಿನ ಸಾಲಿಗೂ ಖಾಲಿ. ಗುರುತಿದ್ದರೂ ಖಾಲಿ, ಇಲ್ಲದಿದ್ದರೂ ಖಾಲಿ.

“ನಂದೇ ತಪ್ಪರಿ ಸರ,” ಎಂದರು ರಾಜೇಶ್ವರಿ. “ಓದಾವ ಕೋಶದ ಬಾಗಲತನಾ ಬರ್ತಾನ, ಒಳಗ ಚೌಕ ಐತಿ ಅಂತ ಅವಗ ನಾ ಹೇಳೇ ಇಲ್ಲ. ಸ್ಪೇಸ್ ಒತ್ತಿದರ ಇಲ್ಲದ ಗುರ್ತು ಬರ್ತೈತಿ, ಇದ್ದ ಗುರ್ತು ಹೋಗ್ತೈತಿ, ಸುದ್ದಿ ಮಾತ್ರ ಹೊರಗ ಬರಂಗಿಲ್ಲ.”

ನೀಲಮ್ಮ ನಕ್ಕರು. “ನಮ್ಮ ಮಗ್ಗದಾಗ ಸೀರಿ ಮೈಯ ಎಳಿ ಬ್ಯಾರೆ, ಸೆರಗಿನ ಎಳಿ ಬ್ಯಾರೆ ಇರ್ತಾವವ್ವಾ. ಎಳಿಗೆ ಎಳಿ ಕೊಂಡಿ ಹಾಕಬೇಕು. ನೀ ಸೆರಗ ಹಂಗೇ ಬಿಟ್ಟೀ ನೋಡು.”

ರಾಜೇಶ್ವರಿ ನಾಲ್ಕು ದಿನ ಕೊಂಡಿ ಹಾಕಿದರು. ಈಗ ಕೊನೆಯ ಕೋಶಕ್ಕೆ ಬಂದರೆ ಧ್ವನಿಯು ಅದರ ಹೆಸರು, ಅದರೊಳಗೆ ಚೌಕವಿದೆಯೆಂಬುದು, ಚೌಕದಲ್ಲಿ ಗುರುತಿದೆಯೋ ಇಲ್ಲವೋ ಎಂಬುದು, ಮೂರನ್ನೂ ಹೇಳುತ್ತದೆ, ಬದಲಿಸಿದೊಡನೆ ಬದಲಾಯಿತೆನ್ನುತ್ತದೆ. ನಾನು ಹಳೆಯ ಗುರುತುಗಳನ್ನು ಮರಳಿಸಿದೆ. ನೀಲಮ್ಮ ಮತ್ತೆ ಮೊದಲಿನಿಂದ ಕುಳಿತರು. ಸಾಲುಗಳು ಒಂದೊಂದಾಗಿ ಒಪ್ಪಿಗೆ ಪಡೆದು ಸರಿದವು. ಅವರು ನಿಂತದ್ದು ಮೂರು ಕಡೆ. ಅವೇ ಮೂರು! ಮೊದಲ ಸಲ ಅವರು ಒಪ್ಪದೆ, ಮುಟ್ಟದೆ ಬಿಟ್ಟಿದ್ದ ಸಾಲುಗಳು ಅವು.

“ಸರ, ಈ ಸಂವತ್ಸರ ಈ ಶಕವರ್ಷಕ್ಕ ಕೂಡಂಗಿಲ್ಲರಿ. ಒಂದು ವರ್ಷ ಹೆಚ್ಚುಕಡಿಮಿ ಆಗೇತಿ.”

ನಾನು ವಾದಿಸಿದೆ. ಪಂಚಾಂಗದ ಕೋಷ್ಟಕಗಳನ್ನು ತೆಗೆದೆ, ಬೆರಳಿನಲ್ಲಿ ಎಣಿಸಿದೆ. ಶಾಸನ ಕೊಟ್ಟಿದ್ದು ಆಗಲೇ ಮುಗಿದುಹೋದ ಶಕವರ್ಷದ ಸಂಖ್ಯೆ; ನಾನದನ್ನು ಆಗ ನಡೆಯುತ್ತಿದ್ದ ವರ್ಷವೆಂದು ಎಣಿಸಿದ್ದೆ. ಕಲಿಯುವವರಿಗೆ ನಾನು ಮೊದಲ ದಿನವೇ ಎಚ್ಚರಿಸುತ್ತಿದ್ದ ತಪ್ಪು ಅದು. ಗುರುತು ತೆಗೆಯಲು ಮೌಸಿಗೆ ಕೈಹಾಕಿದೆ.

“ಬಿಡ್ರಿ ಸರ, ಅದು ನನ್ನ ಕೆಲಸ” ಎಂದು ನೀಲಮ್ಮ ಕೀಲಿ ಒತ್ತಿದರು. ಧ್ವನಿ ಗಟ್ಟಿಯಾಗಿ ಸಾರಿತು: “ಪರಿಶೀಲಿಸಿದೆ. ಗುರುತು ತೆಗೆಯಲಾಗಿದೆ.”

ಒಳಗಿನಿಂದ ನನ್ನ ಹೆಂಡತಿ, “ಏನಂತದ ಅದು?” ಎಂದು ಕೇಳಿದಳು.

“ಸರ್ದು ಒಂದು ತಪ್ಪಾಗೇತಂತರಿ ಅಕ್ಕಾರ,” ಎಂದರು ನೀಲಮ್ಮ.

“ಅಯ್ಯ ಖರೇನ? ತಡೀರಿ ನೀಲಮ್ಮಾರ, ನಾ ಬರ್ತೇನಿ, ಇನ್ನೊಮ್ಮೆ ಹೇಳಸ್ರಿ!”

ಇನ್ನೂ ಎರಡು ಸಾಲುಗಳಿದ್ದವು. ಹೆಂಡತಿ ಕುರ್ಚಿ ಎಳೆದುಕೊಂಡು ಕುಳಿತಳು. ಪಂಡಿತರ ತಪ್ಪುಗಳು ಇದುವರೆಗೆ ತಿದ್ದೋಲೆಯ ಸಣ್ಣ ಅಕ್ಷರಗಳಲ್ಲಿ ಮೆಲ್ಲಗೆ ಮಲಗುತ್ತಿದ್ದವು. ಇನ್ನು ಮುಂದೆ ಅಡುಗೆಮನೆಯವರೆಗೆ ಕೇಳಿಸುತ್ತವೆ. ವಿದ್ವತ್ತಿಗೆ ಇದರಿಂದ ಒಳಿತೇ ಆದೀತು. ಸಮಿತಿಯ ಹಿರಿಯರಿಗೆ ಅಂದೇ ಬರೆದೆ: ಎರಡನೆಯ ಪರಿಶೀಲಕರು ನೀಲಮ್ಮನವರೇ; ಬದಲಿಸುವುದಿದ್ದರೆ ಮೊದಲನೆಯವನನ್ನು ಬದಲಿಸಿ.