ಗಂಟೆಯೊಳಗಿನ ರುಮಾಲು

ಬೇವೂರಿನ ಕಳಕಮ್ಮ ದಿನಾ ಬೆಳಿಗ್ಗೆ ಹನುಮಪ್ಪನ ಗುಡಿ ಗುಡಿಸಿ, ಗಂಟೆಯನ್ನು ಒಳಗೂ ಹೊರಗೂ ಒರೆಸದೆ ಬಾಯಿಗೆ ನೀರು ಹಾಕುತ್ತಿರಲಿಲ್ಲ. ನಿಜಾಮರ ಆಳ್ವಿಕೆಯ ಆ ದಿನಗಳಲ್ಲಿ ಕಚೇರಿ ದೂರ, ಅಲ್ಲಿನ ಉರ್ದು ಇನ್ನೂ ದೂರ. ಊರಿನ ಜಗಳವೆಲ್ಲ ಈ ಗಂಟೆಯ ಕೆಳಗೇ ತೀರಬೇಕು. ಗಂಟೆ ಬಾರಿಸಿ ಆಣೆ ಮಾಡಿದರೆ ಆ ಮಾತು ದೇವರ ಕಿವಿಗೆ ಬೀಳುತ್ತದೆಂದು ಎಲ್ಲರ ನಂಬಿಕೆ. ಬೇರೆ ದಿನ ಗುಡಿಯತ್ತ ತಲೆ ಹಾಕದವರೇ ಅದನ್ನು ಜೋರಾಗಿ ಬಾರಿಸುತ್ತಾರೆಂದು ಕಳಕಮ್ಮ ಕಂಡುಕೊಂಡಿದ್ದಳು.

ಒಮ್ಮೆ ದುರುಗವ್ವನ ಎಮ್ಮೆಕರು ದೇವೇಂದ್ರಪ್ಪನ ಕೊಟ್ಟಿಗೆ ಸೇರಿತು. ಅದು ತನ್ನದೇ ಎಂದು ಅವನು ಆಣೆಗೆ ಒಪ್ಪಿದ. ಆಣೆಯ ದಿನ ಬೆಳಿಗ್ಗೆ ಕಳಕಮ್ಮ ಒರೆಸಲು ಕೈ ಹಾಕಿದರೆ, ಗಂಟೆಯ ನಾಲಿಗೆಗೆ ಕೆಂಪು ರುಮಾಲಿನ ತುಂಡು ಬಿಗಿಯಾಗಿ ಸುತ್ತಿತ್ತು. ಊರಲ್ಲಿ ತಲೆಗೆ ಕೆಂಪು ರುಮಾಲು ಸುತ್ತುವವನು ದೇವೇಂದ್ರಪ್ಪ ಒಬ್ಬನೇ. ಕಳಕಮ್ಮನಿಗೆ ನಗು ಬಂತು. ನಂಬಿಕೆಯಿಲ್ಲದವನಾಗಿದ್ದರೆ ಧೈರ್ಯವಾಗಿ ಬಾರಿಸಿ ಸುಳ್ಳಾಡುತ್ತಿದ್ದ. ದೇವರ ಕಿವಿ ಮುಚ್ಚಲು ಇಷ್ಟು ಕಷ್ಟಪಟ್ಟವನು ದೊಡ್ಡ ಭಕ್ತನೇ ಸರಿ. ತುಂಡನ್ನು ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಹಿರಿಯರೆದುರು ದೇವೇಂದ್ರಪ್ಪ ನಿಶ್ಚಿಂತೆಯಿಂದ ಹಗ್ಗ ಎಳೆದ. ಗಂಟೆ ಢಣ್ ಎಂದಿತು. ಅವನ ಮುಖ ಬಿಳಿಚಿಕೊಂಡಿತು.

"ಕರ ಆಕಿದ ಐತ್ರಿ... ಮರ್ತಿದ್ದೆ."

"ಗಂಟಿ ಬಾರಿಸಿದ್ರ ನೆಪ್ಪ ಭಾಳ ಛಲೋ ಬರತೈತಿ ನೋಡ್ರಿ!" ಎನ್ನುತ್ತ ದುರುಗವ್ವ ಕರುವನ್ನು ಹೊಡೆದುಕೊಂಡು ಹೋದಳು.

ಮಂದಿ ಚದುರಿದ ಮೇಲೆ ಅವನು ಕಳಕಮ್ಮನ ಬಳಿ ಬಂದ. "ಯಕ್ಕಾ, ಯಾರ ಮುಂದೂ ಅನಬ್ಯಾಡ. ನಿನಗೊಂದು ಇಳಕಲ್ ಸೀರಿ ಕೊಡಸ್ತೀನಿ."

"ಸೀರಿ ಒಲ್ಲೆಪ್ಪಾ," ಎಂದಳು ಕಳಕಮ್ಮ. "ಗಂಟಿ ಒರಸಾಕ ನಿನ್ನ ರುಮಾಲಿನ ತುಂಡ ಐತಲ್ಲ, ಅಷ್ಟ ಸಾಕು."